ಸೂರಿನ ಪಾಲುದಾರರು



ಬಹುಕಾಲ ನಮ್ಮ ಮನೆಯಲ್ಲಿ ಬೆಳಗ್ಗೆ ಮೊದಲು ಕೇಳಿಬರುತ್ತಿದ್ದುದು ಮನುಷ್ಯರ ದನಿಯಲ್ಲ. ಕೊಬ್ಬರಿ ಅಟ್ಟದ ತೊಲೆಯ ಮೇಲಿಂದ, ಬರಿಯ ಗಡಿಗೆಗೆ ಬಾಯಿಟ್ಟು ಯಾರೋ ಗುನುಗಿದಂತೆ, ಪಾರಿವಾಳದ ಗುಟುರು ಕೇಳುತ್ತಿತ್ತು. ಒಂದು ನಿಲ್ಲಿಸಿದರೆ ಇನ್ನೊಂದು ತೊಡಗುತ್ತಿತ್ತು. ಆಮೇಲೆ ನನ್ನ ಹೆಂಡತಿ ಮೊರದಲ್ಲಿ ಒಂದಿಷ್ಟು ರಾಗಿಯನ್ನೂ ಹೆಸರುಕಾಳನ್ನೂ ತೆಗೆದುಕೊಂಡು ಹಿತ್ತಿಲ ಬಾಗಿಲು ತೆರೆಯುವಳು. ಅಗುಳಿಯ ಸದ್ದಿಗೇ ಮೂವತ್ತು ನಲವತ್ತು ಜೊತೆ ರೆಕ್ಕೆಗಳು ಒಮ್ಮೆಲೇ ಬಡಿದುಕೊಳ್ಳುವವು. ತಿಪಟೂರಿಗೂ ತುರುವೇಕೆರೆಗೂ ನಡುವೆ ತೆಂಗಿನ ತೋಟಗಳಲ್ಲಿ ಮುಳುಗಿರುವ ನಮ್ಮೂರಿನಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ನಾನೂ ಇದನ್ನು ಕುರಿತು ಯೋಚಿಸಿದವನಲ್ಲ.

ಯೋಚಿಸುವಂತೆ ಮಾಡಿದ್ದು ಒಬ್ಬ ವೈದ್ಯರ ಪ್ರಶ್ನೆ. ಹೆಂಡತಿಗೆ ಒಣಕೆಮ್ಮು ಹತ್ತಿ ತಿಂಗಳುಗಳೇ ಕಳೆದಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಕಷಾಯ, ಗುಳಿಗೆ ಎಲ್ಲ ಆಗಿ, ಕೊನೆಗೆ ಪಟ್ಟಣದ ವೈದ್ಯರ ಬಳಿಗೆ ಹೋದೆವು. ಅವರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತ, “ಮನೆಯಲ್ಲಿ ಪಾರಿವಾಳ ಇವೆಯೆ?” ಎಂದು ಕೇಳಿದರು. ಇವೆ ಎಂದೆವು. “ಹಾಗಾದರೆ ಅವು ಹೊರಗೆ ಹೋಗಬೇಕು” ಎಂದರು. ಬಸ್ಸಿನಲ್ಲಿ ಹಿಂತಿರುಗುವಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಅವು ತಾವಾಗಿ ಬಂದ್ವೇನ್ರೀ? ನಾವೇ ತಾನೆ ಕಾಳು ಹಾಕಿ ಕರೆದದ್ದು?” ಎಂದಳು.

ಶಾಲೆಯಲ್ಲಿ ಚರಿತ್ರೆಯನ್ನು ಪಾಠ ಹೇಳಿ ನಿವೃತ್ತನಾದವನು ನಾನು. ಆ ಪ್ರಶ್ನೆಗೆ ಗಂಡನಾಗಿ ಉತ್ತರ ಹೇಳಲಾರದೆ, ಚರಿತ್ರೆಯ ವಿದ್ಯಾರ್ಥಿಯಾಗಿ ಉತ್ತರ ಹುಡುಕಹೊರಟೆ. ಈ ಹಕ್ಕಿ ನಮ್ಮ ಮನೆಗೆ ಬಂದದ್ದು ಯಾವಾಗ? ಕರೆದವರು ಯಾರು? ಎಲ್ಲಿಯವರೆಗೆ ಕರೆದರು?

ನಮ್ಮ ಕಡೆ ಇದನ್ನು ಕಾಡು ಪಾರಿವಾಳ ಎನ್ನುತ್ತಾರೆ. ಸಾಕುವವರ ಗೂಡಿನ ಬಿಳಿಯ, ಕಂದು ಬಣ್ಣದ ಪಾರಿವಾಳಗಳಿಂದ ಬೇರೆ ಎಂಬುದಷ್ಟೇ ಆ ಹೆಸರಿನ ತಾತ್ಪರ್ಯ. ಬೂದಿ ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಕೊರಳಲ್ಲಿ ಹಸುರು ನೇರಿಳೆಯ ಹೊಳಪು. ಆದರೆ ಕಾಡಿಗೂ ಇದಕ್ಕೂ ಸಂಬಂಧ ಕಡಮೆ. ಮರದ ಕೊಂಬೆಯಲ್ಲಿ ಇದು ಗೂಡು ಕಟ್ಟುವುದು ಅಪರೂಪ. ಇದು ಬಂಡೆಯ ಹಕ್ಕಿ. ಕಡಿದಾದ ಕಲ್ಲಿನ ಬಿರುಕು, ಮಳೆ ತಾಗದ ಒಂದು ಅಂಚು, ಎದುರಿಗೆ ಬಯಲು, ಬಯಲಿನಲ್ಲಿ ಕಾಳು: ಇಷ್ಟಿದ್ದರೆ ಇದಕ್ಕೆ ಸಾಕು. ಚಿಕ್ಕನಾಯಕನಹಳ್ಳಿಯ ಕಡೆ ಮದಲಿಂಗನ ಕಣಿವೆಯ ಬಂಡೆಗಳ ಮೇಲೆ ಇವನ್ನು ನಾನು ನೋಡಿದ್ದೇನೆ. ಮನುಷ್ಯ ಕಲ್ಲಿನಿಂದ ಗುಡಿ ಕಟ್ಟಿದಾಗ ಈ ಹಕ್ಕಿಯ ಕಣ್ಣಿಗೆ ಅದೂ ಒಂದು ಬೆಟ್ಟವೇ ಆಯಿತು. ಬಾವಿ ತೋಡಿ ಕಲ್ಲು ಕಟ್ಟಿದಾಗ ಅದು ತಲೆಕೆಳಗಾದ ಬೆಟ್ಟವಾಯಿತು.

ಗುಡಿ ಕಟ್ಟಿದವರು ಈ ಅತಿಥಿಯನ್ನು ಗಮನಿಸಿದ್ದರೆ? ಗಮನಿಸಿದ್ದು ಮಾತ್ರವಲ್ಲ, ಅದರ ಹೆಸರನ್ನೇ ತಮ್ಮ ಶಾಸ್ತ್ರದಲ್ಲಿ ಬರೆದಿಟ್ಟರು. ಸಂಸ್ಕೃತದಲ್ಲಿ ಪಾರಿವಾಳಕ್ಕೆ ಪಾರಾವತ, ಕಪೋತ ಎಂಬ ಹೆಸರುಗಳುಂಟು. ನಮ್ಮ ಪಾರಿವಾಳ ಎಂಬ ಮಾತನ್ನು ವಿದ್ವಾಂಸರು ಪಾರಾವತಕ್ಕೆ ಸಂಬಂಧಿಸುತ್ತಾರೆ. ಕಪೋತ ಎಂಬುದು ವಾಸ್ತುವಿನ ಪಾರಿಭಾಷಿಕ ಶಬ್ದವಾಯಿತು. ದೇವಾಲಯದ ಗೋಡೆ ಮುಗಿದು ಶಿಖರ ಆರಂಭವಾಗುವಲ್ಲಿ ಹೊರಕ್ಕೆ ಬಾಗಿ ಚಾಚಿಕೊಂಡು ಮಳೆಯ ನೀರನ್ನು ಗೋಡೆಯಿಂದಾಚೆಗೆ ಬೀಳಿಸುವ ಆ ಸೂರಿನ ಪಟ್ಟಿಕೆಯೇ ಕಪೋತ. ಅಧಿಷ್ಠಾನದಲ್ಲಿಯೂ ಇದೇ ಆಕಾರದ ಪಟ್ಟಿಕೆಯನ್ನು ಕೂರಿಸಿದರೆ ಅದು ಕಪೋತಬಂಧ. ಪಾರಿವಾಳದ ಕೊರಳಿನಂತೆ ಬಾಗಿರುವುದರಿಂದ ಈ ಹೆಸರು ಎಂದು ಕೆಲವರೆನ್ನುತ್ತಾರೆ. ಪಾರಿವಾಳ ಬಂದು ಕೂರುವ ಜಾಗವಾದ್ದರಿಂದ ಎಂದು ಮತ್ತೆ ಕೆಲವರು. ಎರಡರಲ್ಲಿ ಯಾವುದಾದರೂ ಆಗಲಿ, ಸೂರನ್ನು ನೋಡಿದ ಶಿಲ್ಪಿಗೆ ನೆನಪಾದದ್ದು ಈ ಹಕ್ಕಿ. ಅಮರಕೋಶದ ಪುರವರ್ಗದಲ್ಲಿಯೂ ಕಪೋತಪಾಲಿಕೆ ಎಂಬ ಮಾತಿದೆ; ಮನೆಯ ಹೊರಗೆ ಹಕ್ಕಿಗಳಿಗೆಂದು ಚಾಚಿದ ಅಂಚು ಅದು. ಊರನ್ನು ವರ್ಣಿಸುವ ಕೋಶಕಾರನಿಗೆ ಬೀದಿ, ಬಾಗಿಲು, ಅಂಗಳಗಳ ಜೊತೆಗೆ ಪಾರಿವಾಳದ ಅಂಚೂ ಬೇಕಾಯಿತು.

ಇದನ್ನು ತಿಳಿದ ಮೇಲೆ ನಮ್ಮ ಸೀಮೆಯ ಗುಡಿಗಳನ್ನೇ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದವರು ಕಲ್ಲೇಶ್ವರನ ಗುಡಿಯ ಒಳಛಾವಣಿಯನ್ನು ನೋಡದೆ ಬರುವುದಿಲ್ಲ. ಗಂಗ ನೊಳಂಬರ ಕಾಲದ ಆ ಕೆಲಸದಲ್ಲಿ ಶಿವ ನಡುವೆ ಕುಣಿಯುತ್ತಿದ್ದಾನೆ, ಸುತ್ತ ದಿಕ್ಪಾಲಕರು. ಸಾವಿರಕ್ಕೂ ಹೆಚ್ಚು ವರ್ಷಗಳ ಶಿಲ್ಪ. ನಾನು ಮೊನ್ನೆ ಹೋದಾಗ ಒಳಗೆ ತಲೆಯೆತ್ತಿ ನೋಡುವುದಕ್ಕೆ ಮುಂಚೆ ಹೊರಗೇ ತಲೆಯೆತ್ತಿದೆ. ಸೂರಿನ ಅಂಚಿನಲ್ಲಿ ಎರಡು ಪಾರಿವಾಳ ಕೂತಿದ್ದವು. ತುರುವೇಕೆರೆಯಲ್ಲಿ 13ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮಣ್ಣನ ಆಶ್ರಯದಲ್ಲಿ ಎದ್ದ ಮೂಲೆ ಶಂಕರೇಶ್ವರ, ಚೆನ್ನಿಗರಾಯ ಗುಡಿಗಳಿವೆ. ಅರಸರು ಹೋದರು, ದಂಡನಾಯಕರು ಹೋದರು. ಸೂರಿನ ಹಕ್ಕಿಗಳು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಜಾಗವನ್ನು ಕೈಬದಲು ಮಾಡಿಕೊಳ್ಳುತ್ತ ಬಂದಿವೆ. ಆದರೆ ಒಂದು ಮಾತು. ಶಿಲ್ಪಿ ಪಾರಿವಾಳದ ಹೆಸರಿಟ್ಟದ್ದು ಸೂರಿಗೆ. ನವರಂಗಕ್ಕಲ್ಲ, ಗರ್ಭಗುಡಿಗೆ ಮೊದಲೇ ಅಲ್ಲ. ಈ ಭೇದ ನನಗೆ ಆಗ ಹೊಳೆಯಲಿಲ್ಲ.

ಗ್ರಂಥಗಳ ಕಡೆ ತಿರುಗಿದರೆ ಈ ಹಕ್ಕಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಎರಡು ಮನಸ್ಸು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಕಪೋತವನ್ನೇ ಕುರಿತ ಒಂದು ಸೂಕ್ತವಿದೆ. ಅಲ್ಲಿ ಅದು ನಿರೃತಿಯ ದೂತ. ಮನೆಗೆ ಬಂದಿದೆ, ಕೇಡು ಮಾಡದಿರಲಿ, ಹೊರಗೆ ಹೋಗಲಿ ಎಂಬ ಪ್ರಾರ್ಥನೆ. ಭಯಕ್ಕೆ ಹೇಳುವ ಗುರುತು ಕುತೂಹಲಕರವಾಗಿದೆ: ಹಕ್ಕಿ ಅಗ್ನಿಯ ಸ್ಥಾನದಲ್ಲಿ, ಎಂದರೆ ಒಲೆಯ ಬಳಿ, ಕಾಲಿಟ್ಟಿದೆ. ಪಾರಿವಾಳ ಮನೆಯೊಳಗೆ ಬಂದರೆ ಅಪಶಕುನ ಎಂದು ಹಳ್ಳಿಗಳಲ್ಲಿ ಇಂದಿಗೂ ಕೆಲವರು ಹೇಳುವ ಮಾತಿಗೆ ಇಷ್ಟು ಹಳೆಯ ಸಂಗಾತಿಯಿದೆ.

ಅದೇ ಹಕ್ಕಿ ಮಹಾಭಾರತದಲ್ಲಿ ಶಿಬಿಯ ತೊಡೆಯ ಮೇಲೆ ಬಂದು ಬೀಳುತ್ತದೆ. ಗಿಡುಗ ತನ್ನ ಆಹಾರವನ್ನು ಕೇಳುತ್ತದೆ. ಅದರ ಹಸಿವೂ ಸುಳ್ಳಲ್ಲ. ಅರಸು ತಕ್ಕಡಿಯಲ್ಲಿ ಹಕ್ಕಿಯನ್ನಿಟ್ಟು ತನ್ನ ಮಾಂಸವನ್ನು ಕೊಯ್ದು ತೂಗುತ್ತಾನೆ. ಎಷ್ಟು ಕೊಯ್ದರೂ ಸಾಲದೆ ಕೊನೆಗೆ ತಾನೇ ತಕ್ಕಡಿಯನ್ನೇರುತ್ತಾನೆ. ಶಾಂತಿಪರ್ವದ ಪಾರಿವಾಳ ಇನ್ನೂ ಮುಂದೆ ಹೋಗುತ್ತದೆ. ತನ್ನ ಹೆಣ್ಣನ್ನು ಹಿಡಿದಿಟ್ಟುಕೊಂಡಿರುವ ಬೇಡನೇ ಚಳಿಯಲ್ಲಿ ತನ್ನ ಮರದಡಿಗೆ ಬಂದಾಗ, ಮನೆಗೆ ಬಂದವನು ಅತಿಥಿಯೆಂದು ಬೆಂಕಿ ತಂದು ಹೊತ್ತಿಸಿ, ಅವನ ಊಟಕ್ಕಾಗಿ ತಾನೇ ಅದರಲ್ಲಿ ಬೀಳುತ್ತದೆ. ಮೊದಲ ಕಥೆಯಲ್ಲಿ ಹಕ್ಕಿ ಅತಿಥಿ, ಮನುಷ್ಯ ಗೃಹಸ್ಥ; ಎರಡನೆಯದರಲ್ಲಿ ಹಕ್ಕಿಯೇ ಗೃಹಸ್ಥ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ತನ್ನ 24 ಗುರುಗಳಲ್ಲಿ ಕಪೋತವನ್ನೂ ಎಣಿಸುತ್ತಾನೆ. ಆದರೆ ಕಲಿತ ಪಾಠ ಬೇರೆ. ಬಲೆಗೆ ಬಿದ್ದ ಮರಿಗಳ ಮೋಹದಿಂದ ತಾಯಿಯೂ ಬಲೆಗೆ ಬಿತ್ತು, ತಂದೆಯೂ ಬಿತ್ತು. ಅತಿಯಾದ ಪ್ರೀತಿ ಒಡೆಯನನ್ನೇ ನುಂಗುತ್ತದೆ ಎಂಬುದು ಅಲ್ಲಿಯ ಎಚ್ಚರಿಕೆ. ನಾನು ಈ ಕಥೆಯನ್ನು ಓದಿ ಹೇಳಿದಾಗ ನನ್ನ ಹೆಂಡತಿ, “ಇದು ನನಗೇ ಬರೆದ ಹಾಗಿದೆ” ಎಂದು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು.

ಅರಮನೆಯಲ್ಲಿ ಈ ಹಕ್ಕಿ ವಿನೋದವಾಯಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಪಟ್ಟಿಯಿದೆ. ಆನೆ, ಕುದುರೆ, ಮಲ್ಲರು, ಕೋಳಿ, ಟಗರುಗಳ ಜೊತೆಗೆ ಪಾರಾವತ ವಿನೋದಕ್ಕೂ ಅಲ್ಲಿ ಸ್ಥಾನವುಂಟು. ನಾಲ್ಕು ಶತಮಾನಗಳ ಮೇಲೆ ಅಕ್ಬರನ ಆಸ್ಥಾನದಲ್ಲಿ ಪಾರಿವಾಳ ಹಾರಿಸುವ ಆಟಕ್ಕೆ ಪ್ರೇಮದ ಹೆಸರನ್ನೇ ಕೊಟ್ಟು ‘ಇಶ್ಕ್ ಬಾಜಿ’ ಎಂದರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದು ಕರ್ನಾಟಕದ ಚರಿತ್ರೆಯನ್ನು ಪಾರಿವಾಳದ ಮೂಲಕ ಲಂಡನ್ನಿಗೆ ಮುಟ್ಟಿಸಿದ ಸಂಗತಿ. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. ಅವರಲ್ಲೊಬ್ಬ ಇಪ್ಪತ್ತರ ಹರೆಯದ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಆತ ಧಾರವಾಡ ಸೀಮೆಯಲ್ಲಿಯೇ ವರ್ಷಗಟ್ಟಲೆ ಇದ್ದು, ಕನ್ನಡ ನಾಡಿನ 500ಕ್ಕೂ ಹೆಚ್ಚು ಶಾಸನಗಳನ್ನು ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆಗೆ ಮೊದಲ ಬುನಾದಿಗಳಲ್ಲೊಂದು ಅದು. ಆತನಿಗೆ ಪ್ರಾಣಿ ಪಕ್ಷಿಗಳಲ್ಲಿಯೂ ಅಷ್ಟೇ ಆಸಕ್ತಿ. ಮುಂದೆ ಆತ ಮದರಾಸಿನಲ್ಲಿದ್ದಾಗ, 1856ರಲ್ಲಿ, ಚಾರ್ಲ್ಸ್ ಡಾರ್ವಿನ್ ಆತನಿಗೆ ಕಾಗದ ಬರೆದು ಇಂಡಿಯದ ಪಾರಿವಾಳಗಳ ಚರ್ಮಗಳನ್ನು ಬೇಡಿದ. ಡಾರ್ವಿನ್ ಆ ವೇಳೆಗೆ ತನ್ನ ಮನೆಯಲ್ಲಿಯೇ ಪಾರಿವಾಳ ಸಾಕುತ್ತ, ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸೇರಿದ್ದ. 1859ರಲ್ಲಿ ‘ಜೀವಜಾತಿಗಳ ಉಗಮ’ ಪ್ರಕಟವಾದಾಗ ಅದರ ಮೊದಲ ಅಧ್ಯಾಯದಲ್ಲಿಯೇ ಎಲಿಯಟ್ಟನ ಉಪಕಾರಸ್ಮರಣೆಯಿದೆ. ಬೀಸಣಿಗೆಯ ಬಾಲದ್ದು, ಉಬ್ಬಿದ ಎದೆಯದ್ದು, ಗಿರಕಿ ಹೊಡೆಯುವುದು, ಎಲ್ಲ ಸಾಕು ಪಾರಿವಾಳಗಳೂ ಒಂದೇ ಬಂಡೆಯ ಹಕ್ಕಿಯಿಂದ ಇಳಿದು ಬಂದವೆಂದು ಡಾರ್ವಿನ್ ವಾದಿಸಿದ. ನಮ್ಮ ಅಟ್ಟದ ತೊಲೆಯ ಮೇಲೆ ಕೂತ ಬೂದಿಬಣ್ಣದ ಹಕ್ಕಿ ಅರಮನೆಯ ಹಕ್ಕಿಗಳಿಗೆಲ್ಲ ಮೂಲಪುರುಷನ ವಂಶದ್ದು ಎಂದಾಯಿತು.

ಇನ್ನು ನಮ್ಮ ತೆಂಗಿನ ನಾಡಿಗೆ ಬರೋಣ. ನನ್ನ ಬಾಲ್ಯದಲ್ಲಿ ಪಾರಿವಾಳಗಳು ಮನೆಯಲ್ಲಿರಲಿಲ್ಲ, ಬಾವಿಯಲ್ಲಿದ್ದವು. ತೋಟದ ಕಪಿಲೆ ಬಾವಿಯ ಕಲ್ಲುಕಟ್ಟಡದ ಸಂದುಗಳಲ್ಲಿ ಅವುಗಳ ಗೂಡು. ನಾವು ಹುಡುಗರು ಈಜಲು ಧುಮುಕಿದರೆ ಒಳಗಿನಿಂದ ಹೊಗೆಯುಂಡೆಯಂತೆ ಮೇಲೆದ್ದು, ಒಂದು ಸುತ್ತು ಹಾಕಿ, ಮನೆಯ ಸೂರಿನಲ್ಲಿ ಸಾಲಾಗಿ ಕೂರುವವು. ರಾಗಿ ಬಡಿಯುವ ಕಾಲದಲ್ಲಿ ಕಣದ ಅಂಚಿನಲ್ಲಿ ಇಳಿಯುವವು. ನನ್ನ ತಾಯಿ ಅವನ್ನು ಓಡಿಸುತ್ತಿರಲಿಲ್ಲ. ಆದರೆ ಒಂದು ಹಕ್ಕಿ ಅಟ್ಟದೊಳಕ್ಕೆ ನುಗ್ಗಿದರೆ ಕೋಲು ಹಿಡಿಯುತ್ತಿದ್ದರು. “ಸೂರು ಅವಕ್ಕೆ, ಅಟ್ಟ ನಮಗೆ” ಎಂಬುದು ಅವರ ಮಾತು. ಅದನ್ನು ನಾನು ಜಿಪುಣತನವೆಂದೇ ತಿಳಿದಿದ್ದೆ.

ಅಟ್ಟವೆಂದರೆ ನಮ್ಮ ಕಡೆಯ ಬದುಕಿನ ಖಜಾನೆ. ಕರಾವಳಿಯವರು ಕಾಯಿ ಒಡೆದು ಬಿಸಿಲಿನಲ್ಲಿ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ತಿಪಟೂರಿನ ಉಂಡೆ ಕೊಬ್ಬರಿಯ ರೀತಿಯೇ ಬೇರೆ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಅಲುಗಾಡಿಸಿದರೆ ಗುಡುಗುಡು ಎನ್ನುತ್ತದೆ. ಆಗ ಸುಲಿದು ಒಡೆದರೆ ಗಿಟುಕು ಇಡಿಯಾಗಿ ಬರುತ್ತದೆ. ನಮ್ಮ ಮನೆಯ ಅಟ್ಟ ಅಡುಗೆಮನೆಯ ಮೇಲೆಯೇ ಚಾಚಿಕೊಂಡಿತ್ತು. ಸೌದೆಯ ಹೊಗೆ ಹಲಗೆಯ ಸಂದಿನಲ್ಲಿ ಏರಿ ಹೆಂಚಿನ ನಡುವೆ ಹೊರಹೋಗುತ್ತಿತ್ತು. ಆ ಹೊಗೆಯಿರುವವರೆಗೆ ಯಾವ ಹಕ್ಕಿಯೂ ಅಲ್ಲಿ ನೆಲೆಸಲಿಲ್ಲ.

ಆಮೇಲೆ ಎರಡು ಬದಲಾವಣೆಗಳಾದವು. ಕೊಳವೆ ಬಾವಿಗಳು ಬಂದು ತೆರೆದ ಬಾವಿ ಬತ್ತಿತು. ಬತ್ತಿದ ಬಾವಿಯನ್ನು ಮಣ್ಣು ತುಂಬಿ ಮುಚ್ಚಿದೆವು. ಅಡಿಗೆಗೆ ಗ್ಯಾಸು ಬಂದು ಹೊಗೆ ನಿಂತಿತು. ಒಂದು ಕಡೆ ಹಕ್ಕಿಯ ಮನೆ ಹೋಯಿತು, ಇನ್ನೊಂದು ಕಡೆ ನಮ್ಮ ಮನೆಯ ಕಾವಲು ಹೋಯಿತು. ಪಾರಿವಾಳಗಳು ಅಟ್ಟಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನು? ಆ ವೇಳೆಗೆ ತಾಯಿ ಇರಲಿಲ್ಲ. ಮಗಳು ಮದುವೆಯಾಗಿ ದೂರ ಹೋದ ವರ್ಷ ಅದು. ಮನೆ ಬಿಕೋ ಎನ್ನುತ್ತಿತ್ತು. ನನ್ನ ಹೆಂಡತಿ ಕೋಲು ಹಿಡಿಯಲಿಲ್ಲ, ಮೊರ ಹಿಡಿದಳು.

ಅವಳು ಅವುಗಳ ಸ್ನೇಹ ಸಂಪಾದಿಸಿದ ರೀತಿಯಲ್ಲಿ ಮಾಟವೇನೂ ಇರಲಿಲ್ಲ. ಅದೇ ಹೊತ್ತು, ಅದೇ ಜಾಗ, ಅದೇ ದನಿ. ಕೈಯನ್ನು ತಲೆಯ ಮೇಲಕ್ಕೆ ಎತ್ತುತ್ತಿರಲಿಲ್ಲ, ಬೆನ್ನಟ್ಟುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಹತ್ತು ಅಡಿ ಇದ್ದ ಅಂತರ ಎರಡಡಿಯಾಯಿತು. ಪಾರಿವಾಳ ಕಾಳು ಹಾಕುವವರ ಮುಖವನ್ನೇ ಗುರುತಿಸುತ್ತದೆ, ಬಟ್ಟೆ ಬದಲಾಯಿಸಿದರೂ ಮೋಸಹೋಗುವುದಿಲ್ಲ ಎಂದು ಪ್ಯಾರಿಸ್ಸಿನಲ್ಲಿ ನಡೆದ ಪರೀಕ್ಷೆಗಳು ಹೇಳಿವೆ. ಒಂದು ಹಕ್ಕಿಯ ಬೆರಳಿಗೆ ತೆಂಗಿನ ನಾರು ಸುತ್ತಿಕೊಂಡು ಬಿಗಿದು ಊದಿತ್ತು. ನಾರಿನ ನಾಡಿನಲ್ಲಿ ಇದು ಅವಕ್ಕೆ ಸಾಮಾನ್ಯ ಸಂಕಟ. ಅವಳು ಅದನ್ನು ಸೆರಗಿನಲ್ಲಿ ಹಿಡಿದು ಹೊಲಿಗೆಯ ಕತ್ತರಿಯಿಂದ ನಾರನ್ನು ಬಿಡಿಸಿದಳು. ಬೆರಳು ಉಳಿಯಲಿಲ್ಲ, ಹಕ್ಕಿ ಉಳಿಯಿತು. ಅಂದಿನಿಂದ ಆ ಕುಂಟು ಪಾರಿವಾಳ ಅವಳ ಅಂಗೈಯಿಂದಲೇ ಕಾಳು ತಿನ್ನತೊಡಗಿತು.

ಅವುಗಳ ಸಂಸಾರವನ್ನು ನೋಡುವುದೇ ಒಂದು ಪಾಠ. ಒಂದು ಸಲಕ್ಕೆ ಎರಡು ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 18 ದಿನ ಕಾವು ಕೊಡುತ್ತವೆ. ಮರಿ ಒಡೆದ ಮೇಲೆ ತಂದೆತಾಯಿ ಇಬ್ಬರ ಗಂಟಲಿನ ಚೀಲದಲ್ಲಿಯೂ ಹಾಲಿನಂತಹ ಪದಾರ್ಥ ಒಸರುತ್ತದೆ. ಗಂಡೂ ಹಾಲೂಡುವ ಹಕ್ಕಿ ಇದು. ಆದರೆ ಕಾಳು ತಪ್ಪದೆ ಸಿಕ್ಕರೆ ಇವು ವರ್ಷವಿಡೀ ಮೊಟ್ಟೆಯಿಡುತ್ತವೆ. ಎರಡು ಜೊತೆ ಇದ್ದದ್ದು ನಲವತ್ತಾದದ್ದು ಹೀಗೆ. ಹಲಗೆಯ ಮೇಲೆ ಹಿಕ್ಕೆ ಅಂಗುಲಗಟ್ಟಲೆ ಒಣಗಿತ್ತು. ಅವಳು ಪ್ರತಿ ವಾರವೂ ಏಣಿ ಹತ್ತಿ ಅದನ್ನು ಒಣ ಪೊರಕೆಯಲ್ಲಿ ಗುಡಿಸುತ್ತಿದ್ದಳು.

ರೋಗ ಅಲ್ಲಿಂದ ಬಂದಿತ್ತು. ಒಣಗಿದ ಹಿಕ್ಕೆಯ ಮತ್ತು ಗರಿಯ ಸಣ್ಣ ಧೂಳು ವರ್ಷಗಟ್ಟಲೆ ಉಸಿರಿನೊಡನೆ ಒಳಹೊಕ್ಕರೆ ಕೆಲವರ ಶ್ವಾಸಕೋಶ ಅದರ ಮೇಲೆ ತಿರುಗಿಬೀಳುತ್ತದೆ. ಹಾಗೆಯೇ ಬಿಟ್ಟರೆ ಗಾಯಗಟ್ಟಿ ಗಡುಸಾಗುತ್ತದೆ. ಅಮೆರಿಕದ ವೈದ್ಯರು 1965ರಲ್ಲಿಯೇ ಇದನ್ನು ‘ಪಾರಿವಾಳ ಸಾಕುವವರ ಶ್ವಾಸಕೋಶ’ ಎಂದು ವರ್ಣಿಸಿದ್ದರು. 2025ರ ಆಗಸ್ಟಿನಲ್ಲಿ ಮುಂಬಯಿಯ ದಾದರಿನಲ್ಲಿ, ತಲೆಮಾರುಗಳಿಂದ ಜನ ಕಾಳು ಹಾಕುತ್ತಿದ್ದ ಕಬೂತರ್ ಖಾನಾವನ್ನು ನಗರಸಭೆ ತಾಡಪಾಲು ಹೊದಿಸಿ ಮುಚ್ಚಿದಾಗ ಭಕ್ತರು ಅದನ್ನು ಕಿತ್ತೆಸೆದರು. ಒಂದು ಕಡೆ ಜೀವದಯೆ, ಇನ್ನೊಂದು ಕಡೆ ನೆರೆಯವರ ಉಸಿರು. ವ್ಯಾಜ್ಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ನಮ್ಮ ಮನೆಯಲ್ಲಿ ಎರಡೂ ಕಡೆಯ ವಾದಿ ಒಬ್ಬಳೇ ಆಗಿದ್ದಳು.

ಶಿಬಿಯ ತಕ್ಕಡಿ ನನಗೆ ಆಗ ಮತ್ತೆ ನೆನಪಾಯಿತು. ಅರಸು ತನ್ನ ಮಾಂಸವನ್ನು ಕೊಟ್ಟದ್ದು ಸರಿ. ಇವಳು ತನ್ನ ಉಸಿರನ್ನು ತೂಗಬೇಕೆ? ನಾನು ಹಾಗೆ ಕೇಳಲಿಲ್ಲ. ಅಮ್ಮ ಹೇಳುತ್ತಿದ್ದ ಮಾತನ್ನು ಮಾತ್ರ ನೆನಪಿಸಿದೆ. ಸೂರು ಅವಕ್ಕೆ, ಅಟ್ಟ ನಮಗೆ. ಹೇಳುತ್ತಿರುವಾಗಲೇ ಅರಳಗುಪ್ಪೆಯ ಸೂರು ಕಣ್ಣಿಗೆ ಬಂತು, ಒಲೆಯ ಬಳಿ ಕಾಲಿಟ್ಟ ಹಕ್ಕಿಗೆ ಅಂಜಿದ ಋಷಿ ನೆನಪಾದ. ಶಿಲ್ಪಿಯೂ ಋಷಿಯೂ ಅಕ್ಷರ ಬಾರದ ನನ್ನ ತಾಯಿಯೂ ಹೇಳಿದ್ದು ಒಂದೇ ಮಾತು. ಅದು ಜಿಪುಣತನವಲ್ಲ, ಪಾಲು. ಹೊರಗಿನ ಅಂಚು ಹಕ್ಕಿಯದು, ಅದನ್ನು ಕಿತ್ತುಕೊಳ್ಳಬಾರದು. ಒಳಗು ನಮ್ಮದು, ಅದನ್ನು ಬಿಟ್ಟುಕೊಡಬಾರದು. ನಾವು ಕರೆದದ್ದು ನಿಜ; ಎಲ್ಲಿಗೆ ಕರೆಯಬೇಕೆಂಬುದನ್ನು ಮರೆತೆವು.

ಅವಳು ಒಂದೇ ಷರತ್ತು ಹಾಕಿದಳು: ಮರಿಯಿರುವ ಗೂಡನ್ನು ಮುಟ್ಟಬಾರದು. ಅವಳನ್ನು ಚಿಕ್ಕನಾಯಕನಹಳ್ಳಿಯಲ್ಲಿ ಅವಳ ಅಕ್ಕನ ಮನೆಗೆ ಕಳಿಸಿದೆ. ಒಂದೊಂದು ಗೂಡಿನ ಮರಿ ಹಾರಿಹೋದಂತೆ ಒಂದೊಂದು ಸಂದಿಗೆ ತಂತಿಬಲೆ ಹೊಡೆಸುತ್ತ ಬಂದೆ. ಹೀಗಾಗಿ ಮೂರು ತಿಂಗಳು ಹಿಡಿಯಿತು. ಹಿಕ್ಕೆಯನ್ನು ನೀರು ಚಿಮುಕಿಸಿ ನೆನೆಸಿ, ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು ಕೆರೆದು ತೆಗೆದು ತೋಟದ ಗುಂಡಿಯಲ್ಲಿ ಹೂಳಿದೆವು. ಅಟ್ಟ ಮತ್ತೆ ಕಾಯಿಗೆ ಸಿಕ್ಕಿತು.

ಈಗ ಅವಳ ಕೆಮ್ಮು ಬಹಳ ಮಟ್ಟಿಗೆ ಇಳಿದಿದೆ. ಏಣಿ ಹತ್ತುವ ಉಸಿರು ಮಾತ್ರ ಮರಳಿ ಬರಲಾರದೆಂದು ವೈದ್ಯರು ಹೇಳಿದ್ದಾರೆ. ಕಾಳು ಹಾಕುವ ಕೆಲಸ ನನ್ನದಾಗಿದೆ. ಮನೆಯಿಂದ ದೂರ, ತೋಟದ ಹಳೆಯ ಕಣದಲ್ಲಿ, ದಿನಕ್ಕೆ ಒಂದು ಹಿಡಿ, ಎರಡಲ್ಲ. ಹಕ್ಕಿಗಳು ಈಗ ಹತ್ತು ಹನ್ನೆರಡು ಉಳಿದಿವೆ. ಮಿಕ್ಕವು ತಮ್ಮ ದಾರಿ ನೋಡಿಕೊಂಡವು. ನನ್ನನ್ನು ಕಂಡರೆ ಅವು ಹತ್ತಡಿ ದೂರದಲ್ಲಿಯೇ ನಿಲ್ಲುತ್ತವೆ. ಕುಂಟು ಪಾರಿವಾಳವಂತೂ ಕಣಕ್ಕೆ ಬರುವುದೇ ಇಲ್ಲ. ಅದು ಬೆಳಗ್ಗೆ ಹಿತ್ತಿಲ ಬಾಗಿಲ ಮೇಲಿನ ಸೂರಿನಲ್ಲಿ ಬಂದು ಕೂರುತ್ತದೆ. ಅವಳು ಒಳಗಿನಿಂದಲೇ, ಮುಚ್ಚಿದ ಕಿಟಕಿಯ ಗಾಜಿನಾಚೆಯಿಂದ, ಅದೇ ಹಳೆಯ ದನಿಯಲ್ಲಿ ಅದನ್ನು ಮಾತನಾಡಿಸುತ್ತಾಳೆ. ಅದು ಸ್ವಲ್ಪ ಹೊತ್ತು ಗುಟುರಿ, ಕಾಳಿಗೆ ಕಾಯದೆ, ತೋಟದ ಕಡೆ ಹಾರಿಹೋಗುತ್ತದೆ.

(ಬಾನುಲಿ ಭಾಷಣದ ಬರಹರೂಪ)